ಅಮ್ಮನ ನಾಲ್ಕು ತಿಂಗಳು

ಅಮ್ಮ ನಾಲ್ಕು ತಿಂಗಳು ಪರದೇಶಕ್ಕೆ ಹೋಗುತ್ತಾಳೆಂದು ಗೊತ್ತಾದ ದಿನ ಅಜ್ಜಿ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ನನ್ನ ಹೆಣ ಎತ್ತಿದ ಮೇಲೆ ಹೋಗು," ಎಂದಳು.

"ಅದಕ್ಕೆ ಕೊನೇ ದಿನಾಂಕ ಅಂತ ಇದೆ ಅತ್ತೆ. ನಿಮ್ಮ ಅನುಕೂಲ ನೋಡ್ಕೊಂಡು ಸರ್ಕಾರ ಕಾಯಲ್ಲ," ಎಂದು ಅಮ್ಮ ತಟ್ಟೆಯನ್ನು ಮತ್ತೆ ಅಜ್ಜಿಯ ಮುಂದಕ್ಕೆ ಸರಿಸಿದಳು.

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿದಳು. "ನೀನ್ಯಾಕೆ ಹಲ್ಲು ಕಿರೀತೀಯೆ, ಗಿರಗಿಟ್ಲೆ? ಅವಳು ಅತ್ಲಾಗೆ ಹೋದ್ರೆ ಇತ್ಲಾಗೆ ಪಾತ್ರೆ ಉಜ್ಜೋಳು ನೀನೇ."

"ಉಜ್ತೀನಿ."

"ಉಜ್ತಾಳಂತೆ! ಕುಡಿದ ಲೋಟ ಎತ್ತಿಡೋಕೆ ಸೊಂಟ ಬಗ್ಗಲ್ಲ."

ಅಪ್ಪ ನಡುವೆ ಬಂದ. "ಅಮ್ಮಾ, ಸ್ವಲ್ಪ ಸುಮ್ನಿರು. ಇಡೀ ದೇಶದಲ್ಲಿ ಹತ್ತು ಜನರನ್ನ ಆರಿಸಿದ್ದಾರೆ. ಅದರಲ್ಲಿ ಇವಳೂ ಒಬ್ಬಳು. ಹೆಮ್ಮೆ ಪಡೋದು ಬಿಟ್ಟು ಹೆಣದ ಮಾತಾಡ್ತೀಯಲ್ಲ. ಹೋಗಿ ಬರಲಿ, ನಾನಿಲ್ವಾ ಮನೇಲಿ?"

"ನೀನಿದ್ದೀಯ. ಮೊಟ್ಟೆ ಬೇಯಿಸೋಕೆ ಬರುತ್ತಾ ನಿನಗೆ?"

"ಕಲೀತೀನಿ."

ಅಮ್ಮ ಅಪ್ಪನನ್ನು ನೋಡಿದಳು. ಆ ನೋಟ ನನಗಿನ್ನೂ ನೆನಪಿದೆ. ಹೊಸ ಸೀರೆ ತಂದುಕೊಟ್ಟಾಗಲೂ ಅವಳು ಅವನನ್ನು ಹಾಗೆ ನೋಡಿದವಳಲ್ಲ.

ಅಮ್ಮ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಸರ್ಕಾರ ಪ್ರತಿ ವರ್ಷ ಒಂದಿಷ್ಟು ಟೀಚರುಗಳನ್ನು, ಕಲಾವಿದರನ್ನು ಬೇರೆ ದೇಶಕ್ಕೆ ಕಳಿಸಿ, ಅಲ್ಲಿಯವರನ್ನು ಇಲ್ಲಿಗೆ ಕರೆಸಿಕೊಳ್ಳುವ ವಿನಿಮಯ ಯೋಜನೆಯೊಂದನ್ನು ನಡೆಸುತ್ತಿತ್ತು. ಹಿಂದಿನ ವರ್ಷ ಅದೇ ಯೋಜನೆಯಲ್ಲಿ ಆ ಕಡೆಯಿಂದ ಒಬ್ಬ ಟೀಚರು ಅಮ್ಮನ ಶಾಲೆಗೆ ಬಂದಿದ್ದರು. ಅವರಿಗೂ ಕಿವಿ ಕೇಳುವುದಿಲ್ಲ. ನಮ್ಮ ಸನ್ನೆ ಬೇರೆ, ಅವರ ಸನ್ನೆ ಬೇರೆ. ಆದರೂ ವಾರ ಕಳೆಯುವುದರೊಳಗೆ ಮಕ್ಕಳು ಅವರ ಜೊತೆ ಹರಟೆಗೆ ಕೂತಿದ್ದರು. ಕೆನ್ನೆಗೆ ಬೆರಳೊತ್ತಿ ತಿರುಗಿಸುವ ಸನ್ನೆಯನ್ನು ಅವರಿಗೆ ಹೆಸರಾಗಿ ಇಟ್ಟಿದ್ದರು. ಬಾಯಲ್ಲಿ ಹೇಳುವುದಾದರೆ 'ಕೆನ್ನೆಗುಳಿ' ಎನ್ನಬೇಕು.

ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಕೆನ್ನೆಗುಳಿಯವರ ಕಿವಿಯ ಹಿಂದೆ, ಕೂದಲೊಳಗೆ ಏನು ಕೆಟ್ಟಿದೆಯೆಂದು ಹುಡುಕಾಡಿ, "ನೀವು ದೊಡ್ಡವರಲ್ವಾ? ಮತ್ತೆ ನಿಮಗೆ ಯಾಕೆ ಕೇಳಿಸಲ್ಲ?" ಎಂದು ಕೇಳಿದಳಂತೆ. ದೊಡ್ಡವರಿಗೆಲ್ಲ ಕಿವಿ ಕೇಳುತ್ತದೆ, ತಾನು ದೊಡ್ಡವಳಾದ ಮೇಲೆ ತನಗೂ ಕೇಳುತ್ತದೆ ಎಂದು ಆ ಮಗು ಅಂದುಕೊಂಡಿತ್ತು. ಬೇರೆ ಮಕ್ಕಳೂ ಹಾಗೇ ಅಂದುಕೊಂಡಿದ್ದರು. ಕಿವಿ ಕೇಳದ ದೊಡ್ಡವರನ್ನು ಅವರು ಕಂಡೇ ಇರಲಿಲ್ಲ.

ಅವತ್ತು ಅಮ್ಮ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು. "ಅಲ್ಲಿ ಇಂಥವರೇ ಪಾಠ ಮಾಡ್ತಾರಂತೆ ಕಣೆ. ಶಾಲೆ ತುಂಬ ಇಂಥವರೇ ಇದ್ದಾರಂತೆ. ಅದನ್ನ ಹೇಗೆ ಮಾಡ್ತಾರೆ ಅಂತ ನಾನು ಹೋಗಿ ನೋಡ್ಬೇಕು," ಎಂದಿದ್ದಳು. ಮಾರನೇ ವಾರವೇ ಅರ್ಜಿ ಹಾಕಿದಳು. ತರಗತಿಯಲ್ಲಿರುವಾಗ ಅವಳ ಫೋನು ಬಂದ್ ಆಗಿರುತ್ತದೆ. ಅದಕ್ಕೆ ಮನೆಯವರ ನಂಬರು ಎಂದು ಅಪ್ಪನ ನಂಬರನ್ನೂ ಬರೆದಿದ್ದಳು.

ಹೊರಡಲು ಇನ್ನೂ ಒಂದು ತಿಂಗಳಿತ್ತು. ಅಮ್ಮ ಏಪ್ರನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟು, "ಇವತ್ತಿಂದ ಒಲೆ ನಿಮ್ಮದು. ನಾನು ಇಲ್ಲೇ ಬಾಗಿಲಲ್ಲಿ ನಿಂತಿರ್ತೀನಿ, ಕೈ ಹಾಕಲ್ಲ," ಎಂದಳು.

ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ತಿರುಗಲು ಜಾಗವಿಲ್ಲ. ಅಪ್ಪ ಅಕ್ಕಿ ತೊಳೆಯುತ್ತಿದ್ದ, ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅಮ್ಮ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿರುತ್ತಿದ್ದಳು. ಮೊದಲ ದಿನದ ಅನ್ನ ಗಂಜಿಯಾಯಿತು. ಹಾಲ್‌ನ ಕಿಟಕಿ ಪಕ್ಕದ ಮಂಚದಿಂದ ಅಜ್ಜಿ ಕೂಗಿದಳು: "ಇದನ್ನ ತಿನ್ನಬೇಕೋ, ಕುಡೀಬೇಕೋ?"

"ದೂರನ್ನ ಗಮನಕ್ಕೆ ತಗೊಂಡಿದ್ದೀವಿ. ಸಂಬಂಧಪಟ್ಟವರಿಗೆ ತಿಳಿಸ್ತೀವಿ," ಎಂದ ಅಪ್ಪ.

ಅವನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದ. ದಿನವಿಡೀ ಫೋನ್ ಎತ್ತುವುದು, ನಲ್ಲಿ ಬಂದಿಲ್ಲ, ಪೈಪು ಒಡೆದಿದೆ ಎಂದು ಬೈಯುವವರನ್ನು ತಣ್ಣಗೆ ಮಾಡುವುದು ಅವನ ಕೆಲಸ. ಎಂಥ ಕೋಪದವರನ್ನೂ ನಗಿಸಿಬಿಡುತ್ತಿದ್ದ. ಅವತ್ತು ಅಜ್ಜಿಯೂ ನಕ್ಕಳು. ಆದರೆ ಗಂಜಿ ಪೂರ್ತಿ ಕುಡಿದ ಮೇಲೆ, "ಆದ್ರೂ ನೀನು ಹೋಗೋದು ಸರಿಯಲ್ಲ," ಎಂದು ಅಮ್ಮನಿಗೆ ಹೇಳಿಯೇ ಮಲಗಿದಳು. ಪ್ರತಿದಿನ ಹೇಳುತ್ತಿದ್ದಳು. ಬೆಳಿಗ್ಗೆ ಕಣ್ಣಿಗೆ ಔಷಧಿ ಬಿಡಿಸಿಕೊಳ್ಳುವಾಗ ಒಂದು ಸಲ, ಸಂಜೆ ಇನ್ನೊಂದು ಸಲ.

"ನನ್ನ ಕಣ್ಣಿಗೆ ಯಾರು ಔಷಧಿ ಹಾಕ್ತಾರೆ?"

"ಗಿರಗಿಟ್ಲೆ ಹಾಕ್ತಾಳೆ."

"ಮೂಗಿಗೆ ಹಾಕ್ತಾಳೆ ಅವಳು. ಬೇಡ, ಹೋಗ್ಬೇಡ."

"ಹೋಗ್ತೀನಿ ಅತ್ತೆ. ಕಣ್ಣು ಮುಚ್ಚಿ."

ಎರಡನೇ ವಾರದಲ್ಲಿ ಅಪ್ಪ ನನ್ನ ಕೆಂಪು ಲಂಗದ ಜೊತೆ ತನ್ನ ಬಿಳಿ ಅಂಗಿಗಳನ್ನು ಒಗೆದ. ಗುಲಾಬಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗಿ ಬಂದವನ ಮುಖ ಸಪ್ಪಗಿತ್ತು. "ಏನಾಯ್ತು?" ಎಂದು ಅಮ್ಮ ಕೇಳಿದರೆ, "ಏನಿಲ್ಲ. ಹೆಂಡತಿ ವಿಮಾನ ಹತ್ತಕ್ಕೆ ಮುಂಚೆನೇ ಗಂಡ ಬಣ್ಣ ಬದಲಾಯಿಸಿದಾನೆ ಅಂದ್ರು. ತಮಾಷೆಗೆ," ಎಂದ. ಅವತ್ತು ಬೇಳೆಗೆ ಉಪ್ಪು ಹಾಕಲು ಮರೆತ. ಮೂರನೇ ವಾರಕ್ಕೆ, "ಇವತ್ತೊಂದಿನ ನೀನೇ ಮಾಡ್ಬಿಡು, ತಲೆ ಸಿಡೀತಿದೆ," ಎನ್ನತೊಡಗಿದ. ಅಮ್ಮ ಮಾಡುತ್ತಿರಲಿಲ್ಲ. ಬ್ರೆಡ್ಡು ತಂದು ಮೇಜಿನ ಮೇಲಿಡುತ್ತಿದ್ದಳು.

ಹೊರಡಲು ಇನ್ನೇನು ವಾರವಿದೆ ಎನ್ನುವಾಗ ಅಮ್ಮ ಮಧ್ಯಾಹ್ನವೇ ಮನೆಗೆ ಬಂದಳು. ಯೋಜನೆಯ ದುಡ್ಡನ್ನು ಸರ್ಕಾರ ಕಡಿತ ಮಾಡಿದೆ, ನಿಮ್ಮ ಶಾಲೆಯ ಸ್ಥಾನ ಹೋಯಿತು ಎಂದು ಹೆಡ್‌ಮಾಸ್ಟರರಿಗೆ ತಿಳಿಸಿದ್ದರಂತೆ.

"ಒಳ್ಳೇದೇ ಆಯ್ತು ಬಿಡು," ಎಂದಳು ಅಜ್ಜಿ. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಪುಸ್ತಕವನ್ನು ಗೋಡೆಗೆ ಎಸೆದೆ.

ಆಮೇಲೆ ಸಿಟ್ಟು ಮಾಡಿದ್ದು ಅಪ್ಪ. ನಮ್ಮಿಬ್ಬರಿಗಿಂತ ಜೋರು ಅವನದೇ. ಮೆಟ್ಟಿಲ ಮೇಲೆ ನಿಂತು ಕೆಳಮನೆಯ ಟೈಲರಿಗೂ ಕೇಳುವ ಹಾಗೆ ಕೂಗಾಡಿದ. "ಮಂತ್ರಿಗಳ ಕಾರಿಗೆ ದುಡ್ಡಿದೆ, ಕಟ್ಟಡಕ್ಕೆ ಗಾಜು ಹಾಕೋಕೆ ದುಡ್ಡಿದೆ, ಮೂಕ ಮಕ್ಕಳ ಟೀಚರನ್ನ ಕಳಿಸೋಕೆ ಇಲ್ಲ! ಇವರ ಮನೆ ಹಾಳಾಗ! ಇದೇನು ಸರ್ಕಾರನಾ?"

"ಮೂಕ ಮಕ್ಕಳಲ್ಲ ಅವರು," ಎಂದಳು ಅಮ್ಮ ಒಳಗಿನಿಂದ.

ಅಪ್ಪ ಸಂಜೆ ಹಣ್ಣು ತಂದ. ಮಾರನೇ ದಿನ ಗುನುಗುತ್ತ ಗಡ್ಡ ಹೆರೆದುಕೊಂಡ. ಏಪ್ರನ್ನು ಯಾವಾಗ ಅಮ್ಮನ ಸೊಂಟಕ್ಕೆ ಬಂತೋ ಯಾರೂ ನೋಡಲಿಲ್ಲ. ವಾರದೊಳಗೆ ಅಪ್ಪ ಉಂಡ ತಟ್ಟೆಯನ್ನು ಉಂಡ ಜಾಗದಲ್ಲೇ ಬಿಟ್ಟು ಏಳತೊಡಗಿದ. ನಾನೂ ಬಿಟ್ಟೆ. ಅಮ್ಮ ಸುಮ್ಮನೆ ಎತ್ತಿಕೊಂಡು ಹೋಗುತ್ತಿದ್ದಳು. ಅಂಗಿಗಳು ಮತ್ತೆ ಬಿಳಿಯಾದವು.

ಹೀಗಿರುವಾಗ ಶಾಲೆಯಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತು ಹೇಳಿದಳು: "ಪೇಟೆ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಹೊರಟು ಹೋದ್ರಂತೆ. ಇದೇ ಯೋಜನೇಲಿ. ದುಡ್ಡಿಲ್ಲ ಅಂದ್ಮೇಲೆ ಅವರು ಹೇಗೆ ಹೋದ್ರು?"

"ಯಾರದೋ ಶಿಫಾರಸು ಇರುತ್ತೆ," ಎಂದ ಅಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

"ಆಫೀಸಿಗೆ ಹೋಗಿ ಕೇಳ್ತೀನಿ."

"ಏನು ಕೇಳ್ತೀಯ? ನಾನೂ ಆಫೀಸಲ್ಲೇ ಇರೋನು. ಕೇಳೋಕೆ ಬಂದವರಿಗೆ ಏನು ಹೇಳ್ತೀವಿ ಅಂತ ನಂಗೊತ್ತಿಲ್ವಾ? ಸುಮ್ನೆ ಒಂದು ದಿನ ದಂಡ. ಆದದ್ದಾಯ್ತು, ಮರೆತುಬಿಡು."

"ನಾನೂ ಬರ್ತೀನಿ ಅಮ್ಮಾ," ಎಂದೆ.

"ನಿನಗೆ ಕಾಲೇಜಿಲ್ವೇನೆ?" ಎಂದು ಅಪ್ಪ ರೇಗಿದ. ಅಷ್ಟಕ್ಕೆ ಅಷ್ಟೊಂದು ರೇಗುವುದು ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಎರಡು ಬಸ್ಸು ಬದಲಾಯಿಸಿ ಹೋದೆವು. ಆ ಕಚೇರಿಯ ಗೋಡೆಗಳ ತುಂಬ ಬೇರೆ ಬೇರೆ ದೇಶದವರು ಕೈ ಕುಲುಕಿ ನಗುತ್ತಿರುವ ದೊಡ್ಡ ದೊಡ್ಡ ಫೋಟೋಗಳು. ಅದರ ಕೆಳಗೆ ಕಾಲು ಮುರಿದ ಬೆಂಚು. ಒಬ್ಬರು ಇನ್ನೊಬ್ಬರ ಟೇಬಲ್ಲಿಗೆ ಕಳಿಸಿ, ಅವರು ಊಟಕ್ಕೆ ಹೋಗಿ, ಕೊನೆಗೆ ಕನ್ನಡಕದ ಗುಮಾಸ್ತನೊಬ್ಬ ಸಿಕ್ಕ. ಒಳ್ಳೆಯ ಮನುಷ್ಯ. ಕುರ್ಚಿ ಎಳೆದು ಕೊಟ್ಟ.

"ದುಡ್ಡು ಅರ್ಧಕ್ಕರ್ಧ ಕಟ್ ಆಯ್ತು ಮೇಡಂ. ಹತ್ತು ಜನರಲ್ಲಿ ಐದೇ ಜನರನ್ನ ಕಳಿಸಬಹುದು ಅಂದ್ರು. ಆರಿಸಿದವರನ್ನ ನಾವೇ ಕಿತ್ತುಹಾಕಿದ್ರೆ ಪೇಪರಿನವರು ಸುಮ್ನಿರ್ತಾರಾ? ಅದಕ್ಕೆ ನಮ್ಮ ಸಾಹೇಬ್ರು ಒಂದು ಉಪಾಯ ಮಾಡಿದ್ರು. ಎಲ್ಲರಿಗೂ ಫೋನ್ ಮಾಡಿ, ಮನೇಲಿ ತೊಂದರೆ ಇರೋರು ಯಾರಾದ್ರೂ ಸ್ವಇಚ್ಛೆಯಿಂದ ಬಿಟ್ಟುಕೊಡ್ತೀರಾ ಅಂತ ಕೇಳಿದ್ವಿ. ಸರಿಯಾಗಿ ಐದು ಜನ ಬಿಟ್ಟುಕೊಟ್ರು. ಯಾರನ್ನೂ ತೆಗೆಯೋ ಪ್ರಮೇಯವೇ ಬರಲಿಲ್ಲ ನೋಡಿ."

"ನನ್ನನ್ನ ಯಾರೂ ಕೇಳಲಿಲ್ಲ."

"ಹೆಸರು ಹೇಳಿ... ಓ, ಕಿವುಡು ಶಾಲೆ ಮೇಡಂ! ನಾನೇ ಮಾಡಿದ್ದು ಫೋನು. ನಿಮ್ಮದು ಹತ್ತಲಿಲ್ಲ. ಮನೆಯವರನ್ನ ಕೇಳಿದ್ವಿ. ತುಂಬ ಮರ್ಯಾದಸ್ಥರು ನಿಮ್ಮ ಯಜಮಾನ್ರು. ವಯಸ್ಸಾದ ತಾಯಿ ಇದ್ದಾರೆ, ಅವಳಿಗೂ ಬಿಟ್ಟು ಹೋಗೋ ಮನಸ್ಸಿಲ್ಲ, ಬೇರೆಯವರಿಗೆ ಅನುಕೂಲ ಆಗಲಿ ಬಿಡಿ ಅಂದ್ರು."

ಗುಮಾಸ್ತ ನನ್ನ ಮುಖ ನೋಡಿದ, ನಾನು ಮೇಜಿನ ಮೇಲಿನ ಗೋಂದಿನ ಡಬ್ಬಿ ನೋಡಿದೆ.

"ಮನೆಯವರು ಅಂದ್ರೆ ಯಾರು?" ಎಂದಳು ಅಮ್ಮ.

"ಅಂದ್ರೆ... ಮನೆಯವರು ಮೇಡಂ. ನಿಮ್ಮ—"

"ಆ ಮನೇಲಿ ನಾನೂ ಇದ್ದೀನಿ. ಅರ್ಜಿ ಹಾಕಿದ್ದು ನಾನು. ಪರೀಕ್ಷೆ ಬರೆದಿದ್ದು ನಾನು. ಬಿಟ್ಟುಕೊಡ್ತೀರಾ ಅಂತ ಕೇಳೋಕೆ ಮಾತ್ರ ಮನೆಯವರು ಬೇಕಾದ್ರಾ ನಿಮಗೆ? ಆ ಡ್ರಾಯಿಂಗ್ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿ ನಿಮ್ಮ ಗಂಡನ್ನ ತೆಗೀಲಾ ಅಂತ ಕೇಳಿದ್ರಾ?"

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. "ಅವರ ಫೋನು ಅವರೇ ಎತ್ತಿದ್ರು ಮೇಡಂ."

"ನಾನು ಬಿಡಲ್ಲ ಅಂದಿದ್ರೆ?"

"ಬಿಡಲ್ಲ ಅಂದವರೆಲ್ಲ ಹೋಗಿದ್ದಾರೆ."

"ಮುಂದಿನ ವರ್ಷ?"

"ಮುಂದಿನ ವರ್ಷ ಈ ವಿಭಾಗವೇ ಇರಲ್ಲ ಅಂತಿದ್ದಾರೆ. ನಮ್ಮನ್ನೆಲ್ಲಿಗೆ ಹಾಕ್ತಾರೋ ನಮಗೇ ಗೊತ್ತಿಲ್ಲ."

ಬಸ್ಸಿನಲ್ಲಿ ನಾನು ಅಮ್ಮನ ಕೈ ಹಿಡಿಯಲು ಹೋದೆ. ಅವಳು ಬಿಡಿಸಿಕೊಂಡಳು. "ಇವಾಗ ಬೇಡ. ಇವಾಗ ಯಾರಾದ್ರೂ ಮುಟ್ಟಿದ್ರೆ ನಾನು ಅತ್ತುಬಿಡ್ತೀನಿ. ಅಳೋ ವಿಷಯ ಅಲ್ಲ ಇದು."

ಅಪ್ಪ ಬರುವ ಹೊತ್ತಿಗೆ ಅಮ್ಮ ಹಾಲ್‌ನ ಕುರ್ಚಿಯಲ್ಲಿ ಹೆಗಲ ಬ್ಯಾಗನ್ನೂ ಇಳಿಸದೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಅಜ್ಜಿ ಎರಡು ಸಲ ಹಸಿವೆಂದು ಕೂಗಿ, ಯಾರೂ ಉತ್ತರ ಕೊಡದಿದ್ದಾಗ ಬಿಸ್ಕತ್ತಿನ ಡಬ್ಬ ತೆಗೆದುಕೊಂಡಿದ್ದಳು.

"ಏನು, ಅಡುಗೆ ಆಗಿಲ್ವಾ?" ಎಂದ ಅಪ್ಪ.

"ಆ ಆಫೀಸಿಂದ ನಿಮಗೆ ಫೋನ್ ಬಂದಿತ್ತಾ?"

ಅಪ್ಪ ಬೀಗದ ಕೈಯನ್ನು ಮೊಳೆಗೆ ನೇತುಹಾಕಿದ. ಅದು ಬಿತ್ತು. ಮತ್ತೆ ನೇತುಹಾಕಿದ. "ಯಾವ ಆಫೀಸು?"

"ರೀ, ಒಂದೇ ಸಲ ಕೇಳ್ತೀನಿ."

"ಬಂದಿತ್ತು... ಏನೋ ಕೇಳಿದ್ರು. ನಾನು ಕೆಲಸದ ಮಧ್ಯೆ ಇದ್ದೆ. ದುಡ್ಡಿಲ್ಲ, ಅರ್ಧ ಜನರನ್ನ ಬಿಡ್ತೀವಿ ಅಂದ್ರು. ಹೇಗಿದ್ರೂ ಅವರು ನಿನ್ನ ತೆಗೀತಿದ್ರು. ನನಗೆ ಬಾಯಿಗೆ ಏನು ಬಂತೋ ಹೇಳಿದೆ."

"ಅವಳಿಗೂ ಮನಸ್ಸಿಲ್ಲ ಅಂತ ಬಾಯಿಗೆ ಬಂತಾ?"

"ನೋಡು, ನಿನ್ನ ಒಳ್ಳೇದಕ್ಕೇ—"

"ನನ್ನ ಒಳ್ಳೇದು ನಿಮ್ಮ ಬಾಯಲ್ಲಿ ಬರೋದು ಬೇಡ! ಅವರು ಕಿತ್ತುಹಾಕಿದ್ರೆ ಹಾಕಲಿ. ಅವರ ಜೊತೆ ಜಗಳ ಆಡ್ತಿದ್ದೆ. ನೀವು ಮೆಟ್ಟಿಲ ಮೇಲೆ ನಿಂತು ಬೈದ್ರಲ್ಲ, ಊರಿಗೆಲ್ಲ ಕೇಳೋ ಹಾಗೆ, ಯಾರನ್ನ ಬೈದ್ರಿ ಅವತ್ತು? ಹಣ್ಣು ತಂದ್ರಲ್ಲ, ಯಾರಿಗೆ?"

"ಮೆತ್ತಗೆ ಮಾತಾಡು. ಕೆಳಗೆ ಕೇಳುತ್ತೆ."

"ಕೇಳಲಿ! ಸರ್ಕಾರಕ್ಕೆ ಬೈದದ್ದು ಕೇಳಿಸಿಕೊಂಡಿದ್ದಾನಲ್ಲ ಆ ಟೈಲರು, ಇದನ್ನೂ ಕೇಳಿಸಿಕೊಳ್ಳಲಿ!"

ಅಪ್ಪ ಅಜ್ಜಿಯ ಮಂಚದ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು. ನಿನಗೋಸ್ಕರ ತಾನೇ ನಾನು—"

ಅಜ್ಜಿ ಬಿಸ್ಕತ್ತಿನ ಡಬ್ಬದ ಮುಚ್ಚಳ ಒತ್ತಿ ಹಾಕಿದಳು. ಕಾಲು ಕೆಳಗಿಟ್ಟು, ಮಂಚದ ಅಂಚು ಹಿಡಿದು ಎದ್ದು ನಿಂತಳು. ಅವಳು ಯಾರ ಸಹಾಯವೂ ಇಲ್ಲದೆ ಎದ್ದು ನಿಂತದ್ದನ್ನು ನೋಡಿ ತಿಂಗಳುಗಳಾಗಿದ್ದವು.

"ನನ್ನ ಹೆಸರು ತರಬೇಡ," ಎಂದಳು. "ಅವಳು ಹೋಗೋದು ಬೇಡ ಅಂತ ನಾನು ದಿನಾ ಹೇಳಿದೆ. ಅವಳ ಮುಖದ ಮೇಲೆ ಹೇಳಿದೆ. ಅವಳೂ ನನ್ನ ಮುಖದ ಮೇಲೆ ಹೋಗ್ತೀನಿ ಅಂದ್ಲು. ಹೆಂಗಸರು ಜಗಳ ಆಡಿದ್ವಿ, ಸರಿಹೋಯ್ತು. ನೀನು ಹೋಗು ಹೋಗು ಅಂತ ಬೆನ್ನು ತಟ್ಟಿ, ಹಿಂದಿನಿಂದ ಕಾಲು ಎಳೆದ್ಯಲ್ಲೋ! ನಾಚಿಕೆ ಆಗಲ್ವಾ? ನಾನು ಹೆತ್ತಿದ್ದು ಇಂಥವನನ್ನಾ?"

"ಅಮ್ಮಾ!"

"ನಿನ್ನ ಆಫೀಸಿನವರ ನಗೆ ತಡೆಯೋಕಾಗಲಿಲ್ಲ ನಿನಗೆ. ಅಷ್ಟೇ. ಅದಕ್ಕೆ ನನ್ನ ವಯಸ್ಸು ಅಡ್ಡ ಇಟ್ಟೆ."

ಅಪ್ಪ ಬಾಯಿ ತೆರೆದ. ಊರಿನ ಎಲ್ಲ ಕೋಪವನ್ನೂ ತಣ್ಣಗೆ ಮಾಡುವ ಬಾಯಿ ಅದು. ಅದು ಶುರುವಾಗುವ ಮೊದಲೇ ನಾನು ಅವನನ್ನು ನೋಡಿ, "ನಿನ್ನ ತಟ್ಟೆ ನೀನೇ ತೊಳ್ಕೋ ಇನ್ನುಮೇಲೆ," ಎಂದೆ. ಅದಕ್ಕಿಂತ ದೊಡ್ಡ ಬೈಗುಳ ನನಗೆ ಸಿಗಲಿಲ್ಲ.

ಮಾರನೇ ಬೆಳಿಗ್ಗೆ ಅಮ್ಮ ಅಜ್ಜಿಯ ಕಣ್ಣಿಗೆ ಔಷಧಿ ಹಾಕಿದಳು, ನನಗೆ ಹೇಗೆ ಹಾಕಬೇಕೆಂದು ಮತ್ತೊಮ್ಮೆ ತೋರಿಸಿದಳು. ಪ್ರಯಾಣಕ್ಕೆಂದು ತುಂಬಿಟ್ಟ ಸೂಟ್‌ಕೇಸನ್ನು ಖಾಲಿ ಮಾಡಲು ಮನಸ್ಸಾಗದೆ ಅವಳು ಹಾಗೇ ಮಂಚದ ಕೆಳಗೆ ತಳ್ಳಿದ್ದಳು. ಅದನ್ನು ಎಳೆದಳು.

"ಎಲ್ಲಿಗೆ?" ಎಂದ ಅಪ್ಪ.

"ಶಾಲೆಯ ಹಾಸ್ಟೆಲಿಗೆ. ವಾರ್ಡನ್ ಬಿಟ್ಟುಹೋಗಿ ಎಷ್ಟೋ ದಿನ ಆಯ್ತು, ಯಾರಾದ್ರೂ ಸಿಗ್ತಾರಾ ಅಂತ ಹೆಡ್‌ಮಾಸ್ಟ್ರು ಹುಡುಕ್ತಾ ಇದ್ರು. ಬೆಳಿಗ್ಗೆ ಫೋನ್ ಮಾಡಿ ಒಪ್ಪಿಕೊಂಡೆ."

"ಎಷ್ಟು ದಿನ?"

"ನಾಲ್ಕು ತಿಂಗಳು. ನಾಲ್ಕು ತಿಂಗಳು ನಾನಿಲ್ಲದೆ ನಡೆಸ್ತೀವಿ ಅಂತ ನೀವು ಒಪ್ಪಿದ್ರಿ. ಸರ್ಕಾರ ದುಡ್ಡು ವಾಪಸ್ ತಗೊಂಡಿದೆ. ನಿಮ್ಮ ಮಾತನ್ನ ನಾನು ವಾಪಸ್ ಕೊಡಲ್ಲ."

"ಜನ ಏನಂತಾರೆ?"

"ಅವಳಿಗೂ ಮನಸ್ಸಿರಲಿಲ್ಲ ಅಂತ ಹೇಳಿ. ಅಭ್ಯಾಸ ಇದೆಯಲ್ಲ."

ಅಪ್ಪ ಸೂಟ್‌ಕೇಸ್ ಎತ್ತಿಕೊಡಲು ಕೈ ಚಾಚಿದ. ಅವಳು ಕೊಡಲಿಲ್ಲ. ಮೆಟ್ಟಿಲ ಮೇಲೆ ಅದರ ಚಕ್ರ ಒಂದೊಂದೇ ಮೆಟ್ಟಿಲಿಗೆ ಡಬ್ ಡಬ್ ಎಂದು ಬಡಿಯುತ್ತ ಇಳಿಯಿತು. ಕೆಳಗೆ ಟೈಲರನ ಮಿಷನ್ನು ನಿಂತಿತ್ತು.

ಮೊದಲ ವಾರ ಅಪ್ಪ ಹೋಟೆಲಿನಿಂದ ಊಟ ತಂದ. ಎರಡನೇ ವಾರ ಅಜ್ಜಿಗೆ ಹೊಟ್ಟೆ ಕೆಟ್ಟಿತು, "ನನ್ನನ್ನ ಕೊಲ್ಲಬೇಕು ಅಂತಿದ್ದೀಯಾ?" ಎಂದು ಅಬ್ಬರಿಸಿದಳು. ಆಮೇಲೆ ಅವಳೇ ಮಂಚದ ಮೇಲೆ ಕೂತು ಆಜ್ಞೆ ಕೊಡತೊಡಗಿದಳು. "ಬೇಳೆ ತೊಳೆದ್ಯಾ? ಮೂರು ಸಲ ತೊಳಿ. ಉರಿ ಸಣ್ಣ ಮಾಡು. ಸಣ್ಣ ಅಂದ್ರೆ ಆರಿಸೋದಲ್ಲ ಕಣೋ!" ಅಪ್ಪ ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದ. ನಾನು ಬಟ್ಟೆ, ಪಾತ್ರೆ, ಔಷಧಿ ನೋಡಿಕೊಂಡೆ. ಅಪ್ಪನ ಜೊತೆ ಮಾತು ಎಷ್ಟು ಬೇಕೋ ಅಷ್ಟೇ. ಉಪ್ಪು ಕೊಡು, ನಲ್ಲಿ ನಿಲ್ಲಿಸು.

ಅಮ್ಮ ನನಗೆ ದಿನಾ ಫೋನ್ ಮಾಡುತ್ತಿದ್ದಳು. ಭಾನುವಾರ ನಾನೇ ಹಾಸ್ಟೆಲಿಗೆ ಹೋಗಿ ಬರುತ್ತಿದ್ದೆ. ಶನಿವಾರ ಮಧ್ಯಾಹ್ನಗಳಲ್ಲಿ ಕೆನ್ನೆಗುಳಿಯವರು ಫೋನಿನ ಪರದೆಯಲ್ಲಿ ಕೂತು ಅವಳಿಗೂ ಮಕ್ಕಳಿಗೂ ಪಾಠ ಮಾಡುತ್ತಿದ್ದರಂತೆ. ಸಿಗ್ನಲ್ ಕೆಟ್ಟು ಕೈಗಳು ಮಧ್ಯದಲ್ಲೇ ನಿಂತುಬಿಟ್ಟರೆ ಮಕ್ಕಳು ಪರದೆಗೆ ಹೊಡೆಯುತ್ತಿದ್ದರಂತೆ. ಆ ಶಾಲೆಯಲ್ಲೇ ಓದಿ, ಈಗ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಕಿವಿ ಕೇಳದ ಹುಡುಗಿಯೊಬ್ಬಳನ್ನು ಅಮ್ಮ ಹುಡುಕಿಕೊಂಡು ಹೋಗಿ, ಸಂಜೆ ಸಂಜೆ ಮಕ್ಕಳ ಜೊತೆ ಕೂರಲು ಕರೆತಂದಿದ್ದಳು. "ಅಲ್ಲಿ ಹೋಗಿ ಕಲಿತಷ್ಟು ಆಗುತ್ತಾ? ಆಗಲ್ಲ," ಎನ್ನುತ್ತಿದ್ದಳು. "ಅರ್ಧವೂ ಆಗಲ್ಲ. ನೆನೆಸಿಕೊಂಡ್ರೆ ಮೈ ಉರಿಯುತ್ತೆ."

ಒಂದು ಸಂಜೆ ಅಪ್ಪ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದ. "ಅಮ್ಮನಿಗೆ ಹುಷಾರಿಲ್ಲ. ಮೇಲೇಳೋಕೇ ಆಗ್ತಿಲ್ಲ. ನಿನ್ನನ್ನೇ ಕೇಳ್ತಿದ್ದಾರೆ." ಸ್ವಲ್ಪ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. "ಅಜ್ಜಿಗೆ ಕೊಡು," ಎಂದಳು ಅಮ್ಮ.

ಅಜ್ಜಿ ಫೋನನ್ನು ಬಾಯಿಯ ಮುಂದೆ ಹಿಡಿದು ಕೂಗಿದಳು. "ನನಗೇನು ಧಾಡಿ? ಕಲ್ಲುಗುಂಡಿನ ಹಾಗಿದ್ದೀನಿ! ಯಾರು ಹೇಳಿದ್ದು? ಇವನಾ? ನೀನು ಬರಬೇಡ. ಈಗಷ್ಟೇ ಬೇಳೆ ಬೇಯಿಸೋದು ಕಲೀತಿದ್ದಾನೆ, ಮಧ್ಯೆ ಬಂದು ಕೆಡಿಸಬೇಡ. ಊಟ ಮಾಡಿದ್ಯಾ? ಮೈ ಇಳಿಸಿಕೊಂಡಿದ್ದೀಯಂತೆ, ಗಿರಗಿಟ್ಲೆ ಹೇಳ್ತಿದ್ಲು."

ಬಾಲ್ಕನಿಯ ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಲ್ಲ ಕೇಳಿಸಿತ್ತು.

ಮುಂದಿನ ಭಾನುವಾರ ಅವನು, "ನಾನೂ ಬರ್ತೀನಿ ಹಾಸ್ಟೆಲಿಗೆ," ಎಂದ. ಹಣ್ಣಿನ ಚೀಲ ಹಿಡಿದಿದ್ದ. ಬೇಡ ಎನ್ನಲು ನನಗೇನು ಹಕ್ಕು? ಕರೆದುಕೊಂಡು ಹೋದೆ. ಬಸ್ಸಿನಲ್ಲಿ, "ಬೈತಾಳಾ?" ಎಂದು ಕೇಳಿದ. "ಬೈದ್ರೆ ನಿನ್ನ ಪುಣ್ಯ," ಎಂದೆ.

ಮಕ್ಕಳು ಊಟಕ್ಕೆ ಕೂತಿದ್ದರು. ಉದ್ದನೆಯ ಮೇಜುಗಳು, ಸ್ಟೀಲಿನ ತಟ್ಟೆಗಳು, ಬ್ರೆಡ್ಡಿನ ಬುಟ್ಟಿ. ಮಾತಿಲ್ಲ ಎಂದಲ್ಲ, ಎಲ್ಲ ಕಡೆ ಕೈಗಳು ಹಾರಾಡುತ್ತಿದ್ದವು, ಚಮಚ ಹಿಡಿದ ಕೈಯಲ್ಲೂ ಮಾತು. ಅಮ್ಮ ಸೌಟು ಹಿಡಿದು ಬಡಿಸುತ್ತಿದ್ದಳು. ನಮ್ಮನ್ನು ನೋಡಿ ತಲೆಯಾಡಿಸಿ ಎರಡು ತಟ್ಟೆ ಇಟ್ಟಳು. ಅಷ್ಟೇ.

ಅಪ್ಪ ಸಣ್ಣ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತ. "ಹೇಗಿದ್ದೀರಿ ಮಕ್ಕಳೇ?" ಎಂದು ಜೋರಾಗಿ ಕೇಳಿದ. ಹತ್ತಿರ ಕೂತವರು ಅವನ ಬಾಯಿ ನೋಡಿದರು. ಒಬ್ಬ ಹುಡುಗ, 'ಟೀಚರ ಗಂಡ' ಎಂದು ಸನ್ನೆ ಮಾಡಿದ. ಇನ್ನೊಬ್ಬಳು, 'ಕಿವಿ ನೋಡು ಎಷ್ಟು ದೊಡ್ಡದು, ಇರುವೆ ನಡೆದ್ರೂ ಕೇಳಿಸಬಹುದು' ಎಂದಳು. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಬೇಕರಿಯ ಹುಡುಗಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಏನಂತಿದ್ದಾರೆ?" ಎಂದು ಅಪ್ಪ ಅಮ್ಮನನ್ನು ಕೇಳಿದ.

"ಅವರನ್ನೇ ಕೇಳಿ."

"ನನಗೆ ಬರಲ್ವಲ್ಲ."

"ಇಪ್ಪತ್ತು ವರ್ಷದಿಂದ ಬರಲ್ಲ. ನಿಮ್ಮ ಪರವಾಗಿ ನಾನು ಮಾತಾಡಲ್ಲ."

ಅಪ್ಪ ನನ್ನ ಕಡೆ ನೋಡಿದ. ಚಿಕ್ಕಂದಿನಿಂದ ಅಮ್ಮನ ಜೊತೆ ಶಾಲೆಗೆ ಹೋಗಿ ಬಂದ ನನಗೆ ಎಲ್ಲ ಅರ್ಥವಾಗುತ್ತಿತ್ತು. ನಾನು ಬ್ರೆಡ್ಡು ಮುರಿದುಕೊಂಡೆ.

ಅವನ ಪಕ್ಕದಲ್ಲಿ, ಹಿಂದೆ ಕೆನ್ನೆಗುಳಿಯವರ ಕಿವಿಯ ಹಿಂದೆ ಹುಡುಕಾಡಿದ್ದ ಅದೇ ಪುಟ್ಟ ಹುಡುಗಿ ಕೂತಿದ್ದಳು. ಅವಳು ಅವನ ತೋಳು ತಟ್ಟಿದಳು. ನಿಧಾನವಾಗಿ, ದೊಡ್ಡವರಿಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಕೇಳಿದಳು: 'ನಮ್ಮ ಟೀಚರನ್ನ ಕರ್ಕೊಂಡು ಹೋಗೋಕೆ ಬಂದಿದ್ದೀಯಾ?'

ಅಪ್ಪನಿಗೆ ಒಂದೂ ತಿಳಿಯಲಿಲ್ಲ. ಕಚೇರಿಯಲ್ಲಿ ದೂರು ಕೊಡುವವರನ್ನು ಒಲಿಸಿಕೊಳ್ಳುವ ಅದೇ ನಗು ಮುಖಕ್ಕೆ ತಂದುಕೊಂಡು, ಹೌದು ಹೌದು ಎಂದು ತಲೆಯಾಡಿಸಿದ.

ಮಗುವಿನ ಮುಖ ಬಿಳಿಚಿಕೊಂಡಿತು. ಚಮಚ ಇಟ್ಟು ಎದ್ದು, ಮೇಜು ಸುತ್ತಿ ಓಡಿ ಅಮ್ಮನ ಸೊಂಟ ತಬ್ಬಿಕೊಂಡಿತು. ಒಂದು ಕಡೆಯಿಂದ ಕೈಗಳು ನಿಂತವು. ಮೇಜಿನ ತುಂಬ ಇದ್ದ ಕಣ್ಣುಗಳೆಲ್ಲ ಅಪ್ಪನ ಮೇಲೆ ಬಿದ್ದವು. ಆ ನಗೆ ಇನ್ನೂ ಅವನ ಮುಖದ ಮೇಲೇ ಇತ್ತು, ತೆಗೆಯಲು ಗೊತ್ತಾಗದವನ ಹಾಗೆ.

ಅಮ್ಮ ಸೌಟು ಕೆಳಗಿಟ್ಟಳು. ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿ ಹೇಳಿದಳು: 'ಹೌದು ಅಂದಿದ್ದು ಅವರು. ನಾನಲ್ಲ. ನಾನು ಎಲ್ಲೂ ಹೋಗಲ್ಲ. ಊಟ ಮಾಡಿ.'

"ಏನಾಯ್ತು?" ಎಂದ ಅಪ್ಪ. "ನಾನೇನು ಹೇಳಿದೆ ಈಗ? ಯಾರಾದ್ರೂ ಹೇಳ್ರಪ್ಪ, ನಾನೇನು ಹೇಳಿದೆ?"

ಅಮ್ಮ ಮತ್ತೆ ಸೌಟು ಎತ್ತಿಕೊಂಡಳು, ನಾನು ಎದ್ದು ಬ್ರೆಡ್ಡಿನ ಬುಟ್ಟಿ ಹಿಡಿದೆ. ಆ ಕೋಣೆಯಲ್ಲಿ ಅವನ ದನಿ ಕೇಳಿಸುತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ ಮಾತ್ರ. ನಾವಿಬ್ಬರೂ ಬಡಿಸುವುದರಲ್ಲಿದ್ದೆವು.